ಇಡೆಲ್ಲಾಳ ಅಜ್ಜಿಯ ರಿವಾಲ್ವರಿಗೆ ಯಾವ ಗುಂಡು

ಕಾಟನ್‌ವುಡ್ ಬೆಂಚ್, ಮೊಂಟಾನಾ
ಮೇ 3, 1994

ಪ್ರೀತಿಯ ಇಡೆಲ್ಲಾ,

ಮೊದಲು ಆ ರಿವಾಲ್ವರಿನಿಂದ ಗುಂಡುಗಳನ್ನು ಹೊರಗೆ ತೆಗೆದು ಆಮೇಲೆ ಕೂತು ಓದು. ಕ್ಷೇಮ ಸಮಾಚಾರ ನಿಧಾನಕ್ಕೆ ಆದೀತು.

ಮಧ್ಯಾಹ್ನ ಫೋನು ಮಾಡಿದ್ದೆ. ಎತ್ತಿದ್ದು ನಿನ್ನ ತಂಗಿ ಮಾರ್ಗೆಟ್ಟಾ. "ಅವಳು ಫೋನಿಗೆ ಬರಲ್ವಂತೆ. ಏನಿದ್ರೂ ಬರೀಬೇಕಂತೆ" ಎಂದಳು. ಗುಂಡು ತೆಗೆಸು ಎಂದಷ್ಟೇ ಹೇಳಿ ಇಟ್ಟೆ. ತೆಗೆಸಿರಬೇಕು. ಆದರೂ ನನಗೆ ಸಮಾಧಾನವಿಲ್ಲ.

ನಿನ್ನ ಕಾಗದ ತಂದವಳು ಟಪಾಲಿನ ಟ್ವೈಲಾ. "ಏನ್ ಹಾಲ್ವರ್ ತಾತ, ಹನ್ನೊಂದು ವರ್ಷ ಬಂದೂಕಿನ ಕ್ಯಾಟಲಾಗು ಬಿಟ್ರೆ ಏನೂ ಬರ್ತಿರ್ಲಿಲ್ಲ. ಈಗ ತಿಂಗಳಲ್ಲಿ ಮೂರು ಕಾಗದ! ಯಾರಪ್ಪಾ ಆಕೆ?" ಎಂದು ಕೆಣಕಿದಳು. "ನನ್ ಹೆಂಡ್ತಿ" ಎಂದೆ. ಪಾಪ, ಕಾಗದ ಕೈಗಿಟ್ಟು ಗಾಡಿ ಬಿಟ್ಟಳು.

ಬಾಗಿಲಲ್ಲೇ ನಿಂತು ಓದಿದೆ. ನಿನ್ನೂರಿನ ಅಂಗಡಿಯವನು ಇಪ್ಪತ್ತೆರಡರ ‘ಲಾಂಗ್ ರೈಫಲ್’ ಎಂಬ ಉದ್ದನೆಯ ಗುಂಡಿನ ಪೆಟ್ಟಿಗೆ ಕೊಟ್ಟನಂತೆ, ಏಳಕ್ಕೆ ಏಳೂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವಂತೆ, ಇನ್ನೇನು ಚಿಂತೆ ಎಂದು ಬರೆದಿದ್ದೀಯ. ಇಡೆಲ್ಲಾ, ಚಿಂತೆ ಶುರುವಾಗುವುದೇ ಅಲ್ಲಿ. ಆ ಕಾಲದ ರಿವಾಲ್ವರುಗಳಲ್ಲಿ, ತಿರುಗುವ ಉರುಳೆಯೊಳಗೆ ಗುಂಡು ಕೂರುವ ತೂತನ್ನು ಈ ತುದಿಯಿಂದ ಆ ತುದಿಗೆ ನೇರವಾಗಿ ಕೊರೆದುಬಿಡುತ್ತಿದ್ದರು. ಉದ್ದದ ಗುಂಡನ್ನು ತಡೆಯುವ ಮೆಟ್ಟಿಲು ಒಳಗಿಲ್ಲ. ನಿನ್ನಜ್ಜಿ ಅದನ್ನು ಕೊಂಡಾಗ ಗುಂಡಿನಲ್ಲಿ ಇರುತ್ತಿದ್ದದ್ದು ಕರಿಮದ್ದು. ಕಬ್ಬಿಣವೂ ಅದಕ್ಕೆ ತಕ್ಕಷ್ಟೇ ಮೆತ್ತಗೆ. ಇವತ್ತಿನ ಮದ್ದಿನ ಒತ್ತಡವನ್ನು ಅದು ತಾಳುವುದಿಲ್ಲ. ನಮ್ಮ ರೂಬೆನ್ ಸ್ಟಿಕ್ನಿ ನೆನಪಿದ್ದಾನಲ್ಲ? ಸೀಳಿಹೋದ ಉರುಳೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ನನ್ನ ಬಂದೂಕು ರಿಪೇರಿ ಅಂಗಡಿಗೆ ಬಂದಿದ್ದ. "ಸಲೀಸಾಗಿ ಹೋಯ್ತು ಕಣೋ, ಅದಕ್ಕೇ ಹೊಡ್ದೆ" ಎಂದ. ಈ ಸೀಮೆಯವರೆಲ್ಲ ಮಾಡುವ ತಪ್ಪು ಇದೊಂದೇ. ಒಳಗೆ ಹೋದದ್ದೆಲ್ಲ ಸರಿ ಎಂದುಕೊಳ್ಳುತ್ತಾರೆ.

ನಿನಗೆ ಬೇಕಾದದ್ದು ‘ಶಾರ್ಟ್’. ಪೆಟ್ಟಿಗೆಯ ಮೇಲೆ ಅದರ ಜೊತೆಗೆ ‘ಸಿಬಿ’ ಎಂದೂ ಇರಬೇಕು. ಅದರಲ್ಲಿ ಮದ್ದು ತೀರಾ ಕಡಿಮೆ. ಬರಿಯ ‘ಶಾರ್ಟ್’ ಎಂದು ಜೋರಿನದನ್ನು ಕೊಟ್ಟರೆ ಹಿಂದಕ್ಕೆ ಕೊಡು. ಅದಕ್ಕೂ ಮೊದಲು ಅಲ್ಲಿಯ ಬಂದೂಕು ರಿಪೇರಿಯವನೊಬ್ಬನಿಗೆ ತೋರಿಸು. ರಿವಾಲ್ವರಿನ ಕುದುರೆ ಎಳೆದಾಗ ಉರುಳೆ ಅಲ್ಲಾಡದೆ ನಿಲ್ಲಬೇಕು, ತೂತು ನಳಿಕೆಗೆ ನೇರ ಬರಬೇಕು, ಎಲ್ಲೂ ಬಿರುಕು ಕಾಣಬಾರದು. ಅವನು ಬೇಡ ಎಂದರೆ ಗೋಡೆಗೆ ತೂಗುಹಾಕು, ಹಟ ಬೇಡ. ಸರಿ ಎಂದರೆ ಮೊದಲ ಗುಂಡನ್ನು ಕೈಯಲ್ಲಿ ಹಿಡಿದು ಹೊಡೆಯಬೇಡ. ಹಳೆಯ ಟೈರಿಗೆ ಬಿಗಿದು, ಕುದುರೆಗೆ ದಾರ ಕಟ್ಟಿ ಗೋಡೆಯ ಮರೆಯಿಂದ ಎಳೆ. ಖಾಲಿ ಇದ್ದಾಗ ಟಿಕ್ ಟಿಕ್ ಎನಿಸಿ ಆಟವಾಡಬೇಡ. ಗುಂಡು ಸಿಡಿಸುವ ಮೊಳೆ ತೂತಿನ ಅಂಚಿಗೇ ಬಡಿದು ತಗ್ಗು ಬೀಳುತ್ತದೆ.

ನಿಮ್ಮ ಮನೆತನದ ಹೆಂಗಸರು ಎಪ್ಪತ್ತು ತುಂಬಿದ ದಿನ ಬೇಲಿಗೂಟದ ಮೇಲಿನ ಡಬ್ಬಿಗೆ ಒಂದು ಗುಂಡು ಹೊಡೆಯಬೇಕು ಎನ್ನುವುದನ್ನು ನಾನು ಬಲ್ಲೆ, ಬಿಡು ಎನ್ನುವುದಿಲ್ಲ. ನಿಮ್ಮಮ್ಮ ಹೊಡೆದ ದಿನ ಡಬ್ಬಿ ಇಟ್ಟವನು ನಾನೇ ತಾನೆ? ಗುಂಡು ಕೋಳಿಗೂಡಿನ ಹಲಗೆಗೆ ಹೊಕ್ಕಿತ್ತು. "ನನ್ ಗುರಿ ಸರಿಯಾಗೇ ಇತ್ತು. ನಿನ್ ಗಂಡನೇ ಡಬ್ಬೀನ ಸೊಟ್ಟ ಇಟ್ಟಿದ್ದು" ಎಂದಿದ್ದರು ಅತ್ತೆ. ನೀನು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟಿದ್ದೆ. ಈ ಸಲ ಡಬ್ಬಿ ಯಾರು ಇಡುತ್ತಾರೋ. ಹದಿನೆಂಟಕ್ಕೆ ಅಲ್ಲವೇ ನಿನ್ನ ಹುಟ್ಟಿದ ದಿನ?

ಹಿಂದಿನ ಎರಡು ಕಾಗದಗಳಲ್ಲಿ ಉತ್ತರ ಹೇಳದೆ, ನಳಿಕೆಯ ಮೇಲೆ ಯಾವ ಅಕ್ಷರವಿದೆ, ಉರುಳೆಯ ಉದ್ದವೆಷ್ಟು ಎಂದೆಲ್ಲ ಕೇಳಿದ್ದು ನಿನಗೆ ಬೇಸರ ತಂದಿರಬಹುದು. ಕಸುಬಿನಲ್ಲಿ ಎಚ್ಚರಿಕೆ ಬೇಕು, ಅದಕ್ಕೇ ಕೇಳಿದೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಒಬ್ಬನಿಗೆ ಎಷ್ಟು ಬೇಯಿಸಬೇಕೆಂಬುದು ಮಾತ್ರ ನೀನು ಹೋಗಿ ಹನ್ನೊಂದು ವರ್ಷವಾದರೂ ಇನ್ನೂ ತಿಳಿದಿಲ್ಲ. ಭಾನುವಾರದ ಸಾರು ಬುಧವಾರದವರೆಗೆ ಬರುತ್ತದೆ.

ನಿನ್ನ
ಹಾಲ್ವರ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಎಚ್ಚರಿಕೆಗಾಗಿ ಕೇಳಿದೆ ಎಂದದ್ದು ಸುಳ್ಳು. ನಿನ್ನ ಮೊದಲ ಕಾಗದದ ಎರಡನೇ ಸಾಲಿನಲ್ಲೇ ನನಗೆ ಉತ್ತರ ಗೊತ್ತಿತ್ತು. ಅಕ್ಷರವೂ ಬೇಕಿರಲಿಲ್ಲ, ಅಳತೆಯೂ ಬೇಕಿರಲಿಲ್ಲ. ಕೇಳಿದರೆ ನೀನು ಮತ್ತೆ ಬರೆಯುತ್ತೀಯ ಎಂಬ ಆಸೆಗೆ ಕೇಳಿದೆ. ನಾನು ಎಳೆದಾಡಿದ್ದಕ್ಕೇ ನೀನು ಬೇಸತ್ತು ಆ ಅಂಗಡಿಗೆ ಹೋದದ್ದು. ನಿನ್ನ ಕೈ ಹೋಗಿದ್ದರೆ ತಪ್ಪು ಅಂಗಡಿಯವನದಲ್ಲ, ನನ್ನದು. ಈಗ ತಿಳಿದದ್ದನ್ನೆಲ್ಲ ಹೇಳಿಬಿಟ್ಟಿದ್ದೇನೆ, ಇಡೆಲ್ಲಾ. ಕೇಳುವುದಕ್ಕೆ ಇನ್ನೊಂದು ನೆಪವೂ ನನ್ನ ಹತ್ತಿರ ಉಳಿದಿಲ್ಲ.