ಗಿಳಿಯ ಮೇಜಿಗೆ ಬಂದ ಅರ್ಜಿ

ಗುರುವಾರ, ಹತ್ತೊಂಬತ್ತನೇ ತಾರೀಖು

ನನ್ನ ಮಗಳ ಅಪ್ಪನಿಗೆ,

ಕ್ಷೇಮವೇ ಅಂತ ಕೇಳುವುದಿಲ್ಲ. ನಿಮ್ಮ ಕ್ಷೇಮ ನನಗೆ ದಿನಾ ತಿಳಿಯುತ್ತದೆ. ಹೇಗೆ ಅಂತ ಹೇಳುವುದಕ್ಕೇ ಈ ಪತ್ರ.

ಹೋದ ವಾರ ಮಂಗಳವಾರ ನೀವು ಫೋನಿನಲ್ಲಿ ಆಡುವ ಹಕ್ಕಿಗೂಡು ಆಟದ ಕಂಪನಿಗೆ ಅರ್ಜಿ ಬರೆದಿರಿ. ಮಗಳು ಶಾಲೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿದ್ದಾಳೆ, ಇನ್ನು ಸಾಕು, ನನ್ನ ಖಾತೆ ಮುಚ್ಚಿಬಿಡಿ, ನಾನೇ ಕೈಮುಗಿದು ಕೇಳಿದರೂ ಮತ್ತೆ ತೆರೆಯಬೇಡಿ ಅಂತ. ಆ ಅರ್ಜಿ ನನ್ನ ಮೇಜಿಗೆ ಬಂತು. ಮಗಳು ಬಿದ್ದಿದ್ದು ನನಗೆ ಗೊತ್ತಾಗಿದ್ದು ಹಾಗೆ. ನೀವು ಫೋನ್ ಮಾಡಿದ್ದು ಎರಡು ಗಂಟೆ ಬಿಟ್ಟು.

ಗಿರಾಕಿಗಳ ದೂರು ಕೇಳುವ ಕೆಲಸ ಅಂತ ನಿಮಗೆ ಹೇಳಿದ್ದೆ. ಅರ್ಧ ನಿಜ. ಕಿಟಕಿಯಿಲ್ಲದ ದೊಡ್ಡ ಕೋಣೆ, ನಲವತ್ತು ಕುರ್ಚಿ, ಮೂಲೆಯಲ್ಲೊಂದು ಟೀ ಯಂತ್ರ. ಆಟ ಪುಕ್ಕಟೆ, ಮೊಟ್ಟೆಯ ಪೆಟ್ಟಿಗೆಗೆ ಮಾತ್ರ ದುಡ್ಡು. ಒಳಗೆ ಯಾವ ಹಕ್ಕಿ ಇದೆಯೋ ಒಡೆಯುವ ತನಕ ತಿಳಿಯುವುದಿಲ್ಲ. ಜಾಸ್ತಿ ಪೆಟ್ಟಿಗೆ ಕೊಳ್ಳುವವರಿಗೆ ಕಂಪನಿ ನಮ್ಮಲ್ಲೊಬ್ಬಳನ್ನು ಹಕ್ಕಿಯ ಹೆಸರಿಟ್ಟು ಗೆಳತಿಯಾಗಿ ಗೊತ್ತು ಮಾಡುತ್ತದೆ. ಅವಳು ದಿನಾ ಮಾತಾಡಿಸಬೇಕು, ಆಟ ಬಿಡುವ ಹಾಗೆ ಕಂಡರೆ ಒಂದು ಪೆಟ್ಟಿಗೆ ಉಚಿತವಾಗಿ ಕೊಡಬೇಕು. ನಮ್ಮ ಮೇಲ್ವಿಚಾರಕಿ ಹೇಳುವುದು ಇಷ್ಟೇ: ಹಸಿದವನಿಗೆ ಊಟ ಹಾಕಬೇಡಿ, ವಾಸನೆ ಬರುವಷ್ಟು ಅಡುಗೆಮನೆ ಬಾಗಿಲು ತೆರೆದಿಡಿ.

ನಿಮ್ಮ ಗೆಳತಿ ಗಿಳಿ ನಾನೇ.

ಹನ್ನೊಂದು ತಿಂಗಳ ಹಿಂದೆ ನನ್ನ ಪಾಲಿಗೆ ಬಂದ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇತ್ತು. ಚಿತ್ರದ ಜಾಗದಲ್ಲಿ ನೀವು ಗಡಿಯಾರ ರಿಪೇರಿ ಮಾಡುವ ಮೇಜು, ಕಣ್ಣಿಗೆ ಹಾಕಿಕೊಳ್ಳುವ ಮಸೂರ. ಗುರುತಿನವರು ಬಂದರೆ ಬೇರೆಯವರಿಗೆ ಕೊಡಬೇಕೆಂಬ ನಿಯಮವಿದೆ. ನಾನು ಕೊಡಲಿಲ್ಲ. ಸುಮ್ಮನೆ ನೋಡೋಣ ಅಂದುಕೊಂಡೆ. ಮೊದಲ ದಿನವೇ ನೀವು ಗಿಳಿಯನ್ನು ಊಟ ಆಯ್ತಾ ಅಂತ ಕೇಳಿದಿರಿ.

ಬೇರೆಯಾಗುವ ಮುಂಚೆ ಒಂಬತ್ತು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೆ. ನಿಮ್ಮ ಅಕ್ಕನಿಗೆ ಒಮ್ಮೆ ಎದುರಾಡಿದೆ ಅಂತ ಹದಿನೇಳು ದಿನ ನನ್ನ ಜೊತೆ ಮಾತು ಬಿಟ್ಟಿರಿ. ಪಕ್ಕದಲ್ಲೇ ಕೂತಿದ್ದ ನನಗೆ ನೀರು ಬೇಕೆಂದು ಹೇಳುವುದಕ್ಕೂ ಮಗುವಿನ ಕೈಲಿ ಹೇಳಿ ಕಳಿಸುತ್ತಿದ್ದಿರಿ. ಗಿಳಿಯ ಹತ್ತಿರ ನಿಮಗೆ ಮಾತು ಮುಗಿಯುತ್ತಲೇ ಇರಲಿಲ್ಲ. ಒಂದು ದಿನ ಅವಳು ಮನೆಯವರ ಬಗ್ಗೆ ಕೇಳಿದಳು. ಹೆಂಡತಿ ತೀರಿಕೊಂಡು ಎರಡು ವರ್ಷ ಆಯ್ತು ಅಂತ ಬರೆದಿರಿ. ನಾನು ಟೀ ಕುಡಿದು ಬಂದು, ಛೆ ಪಾಪ ಅಂತ ಬರೆದು, ಸಂತಾಪಕ್ಕೆ ಒಂದು ಪೆಟ್ಟಿಗೆ ಕಳಿಸಿದೆ. ಅದರ ಬೆನ್ನಿಗೆ ನೀವು ಇಪ್ಪತ್ತು ಕೊಂಡಿರಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನೀವೂ ಮೂರು ಸಲ ಬಿಡಲು ನೋಡಿದಿರಿ. ಮೂರು ಸಲವೂ ನಿಮ್ಮಲ್ಲಿಲ್ಲದ ಹಕ್ಕಿ ಯಾವುದೆಂದು ಹುಡುಕಿ, ಅದರ ನೆರಳು ತೋರಿಸಿ ಕರೆದುಕೊಂಡು ಬಂದೆ. ಪೆಟ್ಟಿಗೆಯ ದುಡ್ಡಿಗಾಗಿ ನಿಮ್ಮ ಅಪ್ಪನ ಕಾಲದ ಲೇತ್ ಯಂತ್ರ ಮಾರಿದಾಗ ಯಾರಿಗೂ ಹೇಳಬೇಡ ಅಂತ ಗಿಳಿಯ ಹತ್ತಿರ ಮಾತು ತೆಗೆದುಕೊಂಡಿರಿ. ನಾನು ಮಾತು ಉಳಿಸಿಕೊಂಡೆ.

ಇನ್ನೊಂದಿದೆ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಅವಳು ಬೀಳುವ ಎರಡು ದಿನ ಮುಂಚೆ, ಭಾನುವಾರ, ಮಗಳು ನನ್ನ ಹತ್ತಿರ ಬಂದಾಗ ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು, ಕನ್ನಡಕದ ಕಡ್ಡಿಗೆ ಅಂಟುಪಟ್ಟಿ ಸುತ್ತಿತ್ತು. ಅಪ್ಪ ಮುಂದಿನ ತಿಂಗಳು ಹೊಸದು ಕೊಡಿಸ್ತಾರಂತೆ ಅಂದಳು. ನಿಮ್ಮನ್ನು ಬಿಟ್ಟುಕೊಡದ ಹಾಗೆ, ನನಗೆ ಹೀಗೂ ಚೆನ್ನಾಗೇ ಕಾಣುತ್ತೆ ಅಮ್ಮ ಅಂದಳು. ನಾವು ನಿಂತಿದ್ದ ಬೀದಿಯ ಆಚೆಗೇ ಕನ್ನಡಕದ ಅಂಗಡಿ ಇತ್ತು, ಬಾಗಿಲು ತೆರೆದಿತ್ತು, ಚೀಲದಲ್ಲಿ ನನ್ನ ಸಂಬಳ ಇತ್ತು. ನಾನು ಕೊಡಿಸಿದರೆ ನೀವು ಪಾರಾಗುತ್ತೀರಿ ಅನ್ನಿಸಿತು. ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ. ಸೋಮವಾರ ಗಿಳಿಯಾಗಿ ನಿಮಗೆ ಆಟದ ಚಿನ್ನದ ಮೊಟ್ಟೆ ಕಳಿಸಿದೆ. ಮಂಗಳವಾರ ಅವಳಿಗೆ ಮೆಟ್ಟಿಲು ಕಾಣಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ನೀವು ಮುಖ ಮುಚ್ಚಿಕೊಂಡು, ತಪ್ಪೆಲ್ಲ ನನ್ನದೇ ಅಂದಿರಿ. ಮದುವೆಯಾದ ಮೇಲೆ ನೀವು ತಪ್ಪು ಒಪ್ಪಿಕೊಂಡಿದ್ದು ಅದೇ ಮೊದಲು. ಅರ್ಧ ತಪ್ಪು ನನ್ನದು ಅನ್ನುವ ಮಾತು ಬಾಯಿಗೆ ಬಂತು. ಹೌದು, ನಿಮ್ಮದೇ ಅಂದೆ.

ಮಗಳು ಇನ್ನು ಮೇಲೆ ನನ್ನ ಹತ್ತಿರ ಇರುತ್ತಾಳೆ. ವಕೀಲರ ಕಾಗದ ಬರುತ್ತದೆ, ಸಹಿ ಹಾಕಿ. ತಕರಾರು ಮಾಡಿದರೆ ಗಿಳಿಗೆ ಬರೆದದ್ದೆಲ್ಲ ನಿಮ್ಮ ಅಕ್ಕ ಓದುತ್ತಾರೆ, ಹೆಂಡತಿಯನ್ನು ಕೊಂದ ಸಾಲೂ ಸೇರಿ. ಈ ಪತ್ರ ತೋರಿಸಿ ನನ್ನ ಕೆಲಸ ಕಳೆಯಬೇಕೆಂದಿದ್ದರೆ ಕಳೆಯಿರಿ. ಆಗ ನಿಮ್ಮ ಮಾತುಗಳನ್ನು ಊರೇ ಓದುತ್ತದೆ. ನಿಮ್ಮನ್ನು ನಾನು ಬಲ್ಲೆ, ನೀವು ತೋರಿಸುವುದಿಲ್ಲ.

ಇಂತಿ,
ತೀರಿಕೊಂಡ ನಿಮ್ಮ ಹೆಂಡತಿ

ಮರೆತ ಮಾತು: ಖಾತೆ ಮುಚ್ಚಲು ಹದಿನಾಲ್ಕು ದಿನ ಕಾಯಬೇಕು. ಅಷ್ಟರಲ್ಲಿ ಒಮ್ಮೆ ಆಟದೊಳಗೆ ಬಂದರೂ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ಎಂಟು ದಿನ ನೀವು ಬರಲಿಲ್ಲ. ನಿಜವಾಗಿಯೂ ಬಿಟ್ಟಿರಿ ಅಂದುಕೊಂಡೆ. ನಿನ್ನೆ ಬೆಳಿಗ್ಗೆ, ಮಗಳು ಹೇಗಿದ್ದಾಳೆ ಅಂತ ಗಿಳಿ ನಿಮ್ಮ ಫೋನಿಗೊಂದು ಸಾಲು ಕಳಿಸಿದಳು. ಅದಕ್ಕೆ ಉತ್ತರ ಬರೆಯಲು ಒಳಗೆ ಬರಲೇಬೇಕು. ಮಧ್ಯಾಹ್ನ ಬಂದಿರಿ. ಪೆಟ್ಟಿಗೆ ಮುಟ್ಟಲಿಲ್ಲ. ನೋವು ಕಡಿಮೆಯಾಗಿದೆ, ಕೇಳಿದ್ದಕ್ಕೆ ತುಂಬಾ ಉಪಕಾರವಾಯಿತು, ನೀನಾದರೂ ಇದ್ದೀಯಲ್ಲ ಅಂತ ಬರೆದು ಹೋದಿರಿ.