ದೊಡ್ಡ ತಾಟು

ರಾಣೆಬೆನ್ನೂರು,
ರಮಜಾನ್, 1989

ಹಸೀನಾಳ ಅಬ್ಬಾ ಅವರಿಗೆ ಮಕ್ತುಮಬಿಯ ಸಲಾಂ.

ತವರಿನಲ್ಲಿ ಎಲ್ಲರೂ ಕ್ಷೇಮ. ನನ್ನ ಹೊಟ್ಟೆನೋವಿನ ಮೂಲ ಸಿಕ್ಕಿತು. ಇಲ್ಲಿಯ ದವಾಖಾನೆಯವರು ಬರಿಹೊಟ್ಟೆಯಲ್ಲಿ ಬಾ ಎಂದಿದ್ದರು, ರೋಜಾ ಹಿಡಿದೇ ಹೋದೆ. ಸುಣ್ಣದ ನೀರಿನಂಥ ಔಷಧ ಕುಡಿಸಿ ರೋಜಾ ಬಿಡಿಸಿದರು, ಅಲ್ಲಾಹ್ ಕ್ಷಮಿಸಲಿ. ಅದು ಕರುಳಿಗೆ ಇಳಿದಂತೆಲ್ಲ ಎಕ್ಸ್‌ರೇ ತೆಗೆದರು. ನಾನೂ ನೋಡಿದೆ. ನಮ್ಮೂರ ಕಾಲುವೆಯಂತೆ ಅಗಲವಾಗಿ ಬಂದ ಬಿಳಿ ದಾರಿ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. ಕರುಳಿನ ಟಿ.ಬಿ. ಅಂದರು.

ಟಿ.ಬಿ. ಇರಬಹುದು ಎಂದು ಕೇಳಿದ ದಿನವೇ ಅಲ್ಲಿ ಅತ್ತೆ, ಎಲ್ಲರೂ ಕೂಡಿ ಉಣ್ಣುವ ದೊಡ್ಡ ತಾಟು ಬಿಡಿಸಿ ನನಗೆ ಬೇರೆ ತಾಟು ಇಟ್ಟರು. ತಪ್ಪೆನ್ನಲಾರೆ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ನೀವೂ ತಲೆ ಎತ್ತಲಿಲ್ಲ.

ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿದೆ. “ಯವ್ವಾ, ನಿನ್ನ ಎದೀ ಫೋಟೋ ಸ್ವಚ್ಛ ಐತಿ, ಕರುಳಿನ ಟಿ.ಬಿ. ಕೂಡಿ ಉಂಡ್ರ ಯಾರಿಗೂ ಹತ್ತೂದಿಲ್ಲ. ಗುಳಗಿ ಮಾತ್ರ ತಪ್ಪಸಬ್ಯಾಡ. ಗಂಡನ ತಾಟಿನಾಗ ಖುಶಾಲ ಉಣ್ಣು,” ಅಂದು ನಕ್ಕರು.

ಹಬ್ಬಕ್ಕೆ ಮೊದಲು ಕರೆಯಲು ಬರ್ರಿ. ಎದೆಯ ಎಕ್ಸ್‌ರೇ ತರುತ್ತೇನೆ, ಅತ್ತೆಗೆ ತೋರಿಸೋಣ. ಇಲ್ಲಿ ಇಫ್ತಾರಿಗೆ ಎಲ್ಲರೂ ಒಂದೇ ತಾಟಿಗೆ ಕೂರುತ್ತಾರೆ. ತಮ್ಮ ದಿನಾ ಕರೆಯುತ್ತಾನೆ, ನಾನೇ ಹೋಗುವುದಿಲ್ಲ. ಮೊದಲ ತುತ್ತು ನಿಮ್ಮ ಜೊತೆಗೇ ಎಂದು ಕಾದಿದ್ದೇನೆ.

ದೊಡ್ಡ ತಾಟಿಗೆ ಕಲಾಯಿ ಹಾಕಿಸಿಡಿರಿ.

ನಿಮ್ಮ
ಮಕ್ತುಮಬಿ