ಇಪ್ಪತ್ತಾರನೇ ವಾರದ ನಿನಗೆ

ಇನ್ನೂ ಹೆಸರಿಡದ ಕಂದಾ,

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆ ನಿನ್ನ ಅಮ್ಮನಿಗೆ ನೋವು ಕಾಣಿಸಿತು. ಈ ಸಲ ನಾನು ಜಾಣತನ ತೋರಿಸಲಿಲ್ಲ, ನೇರ ಆಸ್ಪತ್ರೆಗೆ ಕರೆತಂದೆ. ಅವಳಿಗೆ ಜೊಂಪು ಹತ್ತಿದೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಇದನ್ನು ಡೈರಿಯಲ್ಲಿ ಬರೆಯುತ್ತಿದ್ದೇನೆ.

ಕುರಿ ಫಾರಂನಲ್ಲಿ ನನ್ನದು ಗಬ್ಬದ ಕುರಿಗಳನ್ನು ನೋಡಿಕೊಳ್ಳುವ ಕೆಲಸ. ಕೆಚ್ಚಲು ಬಿಗಿದಿದೆಯೇ, ಬಾಲದ ಬುಡ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿ, ಈಯುವುದು ಇವತ್ತೋ ನಾಳೆಯೋ ಹೇಳಿಬಿಡುತ್ತೇನೆ. ಆ ಹಮ್ಮಿನಲ್ಲೇ ನಿನ್ನ ಅಣ್ಣನ ಸಲ ಕೆಟ್ಟೆ. ಸೊಂಟ ಹಿಡಿದು ನಿಂತ ನಿನ್ನ ಅಮ್ಮನಿಗೆ, "ಎದೆಯೇ ತುಂಬಿಲ್ಲ, ಹೆರಿಗೆ ಎಲ್ಲಿಂದ ಬರುತ್ತೆ? ಸುಳ್ಳು ನೋವು, ಮಲಕ್ಕೋ" ಅಂದೆ. ಅವಳು ನಂಬಿ ಮಲಗಿದಳು. ಸಂಜೆಯೊಳಗೆ ಅವನು ಹುಟ್ಟಿಬಿಟ್ಟ. ನನ್ನ ಎರಡು ಅಂಗೈಯಷ್ಟಿದ್ದ. ಒಂದು ಗಂಟೆ ಉಸಿರಿಗಾಗಿ ಒದ್ದಾಡಿ ಹೋಗಿಬಿಟ್ಟ.

ಆಮೇಲೊಂದು ದಿನ ಫಾರಂನ ಪಶುವೈದ್ಯರು ಹೇಳಿದ್ದರು, "ಕುರೀಲಿ ಈಯೋ ದಿನ ಗೊತ್ತು ಮಾಡೋದು ಮರೀನೇ ಕಣಯ್ಯ. ಅದರ ಮೈಯಲ್ಲಿ ಒಂದು ಹಾರ್ಮೋನು ಏರುತ್ತೆ. ಅದೇ ಮರಿ ಶ್ವಾಸಕೋಶಾನ ಬಲಿಸುತ್ತೆ, ಅದೇ ತಾಯಿಗೆ ಬಾಗಿಲು ತೆಗಿ ಅನ್ನುತ್ತೆ." ಮನುಷ್ಯರಲ್ಲಿ? ಎಂದು ಕೇಳಿದೆ. "ಹೊಟ್ಟೆಯೊಳಗೆ ಮಗೂನ ಸಾಕೋ ಮಾಸು ಗಡಿಯಾರ ಇಟ್ಕೊಂಡಿರುತ್ತೆ ಅಂತಾರೆ. ಪೂರ್ತಿ ಯಾರಿಗೂ ಗೊತ್ತಿಲ್ಲ."

ಇಲ್ಲಿ ನೋವು ತಡೆಯಲು ಒಂದು ಔಷಧಿ ಕೊಟ್ಟಿದ್ದಾರೆ. ನಿನ್ನ ಉಸಿರಿನ ಚೀಲ ಬಲಿಯಲೆಂದು ಇಂಜೆಕ್ಷನ್ ತಂದಾಗ ನಾನು ಎದ್ದು ಅಡ್ಡ ನಿಂತೆ. ಅದೂ ಆ ಹಾರ್ಮೋನಿನ ಜಾತಿಯದೇ. "ಇದರಿಂದ ಹೆರಿಗೆ ಇನ್ನೂ ಬೇಗ ಆಗಿಬಿಡಲ್ವಾ ಮೇಡಂ?" ಅಂದೆ. ಕುರಿಯ ವಿಷಯವನ್ನೂ ಹೇಳಿದೆ.

ಡಾಕ್ಟರು ನಕ್ಕರು. "ನಿಮ್ಮ ಹೆಂಡ್ತಿ ಕುರಿ ಅಲ್ಲ ಕಣ್ರೀ."

"ಹೋದ ಸಲಾನೇ ಯಾರಾದ್ರೂ ಇವರಿಗೆ ಇದನ್ನ ಹೇಳಬೇಕಿತ್ತು," ಅಂದಳು ನಿನ್ನ ಅಮ್ಮ. ಎರಡು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಇದೇ ಮೊದಲು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮರಿ ಅಡ್ಡ ಬಂದರೆ ಕೈ ಹಾಕಿ ತಿರುಗಿಸಬಲ್ಲೆ. ನಿನ್ನ ವಿಷಯದಲ್ಲಿ ನನ್ನ ಕೈಗೆ ಏನೂ ಕೆಲಸವಿಲ್ಲ. ಹೊರಡಬೇಡ ಎಂದು ಯಾರಿಗೆ ಹೇಳಲಿ? ನಿನಗೋ, ಮಾಸಿಗೋ, ಯಾವುದೋ ಒಂದು ಹನಿ ರಸಕ್ಕೋ? ಅಮ್ಮನ ಹೊಟ್ಟೆಗೆ ಸಿಕ್ಕಿಸಿರುವ ಯಂತ್ರದಲ್ಲಿ ನಿನ್ನ ಎದೆಬಡಿತ ಓಡುತ್ತಿದೆ. ಕೇಳಿಸಿಕೊಳ್ಳುವುದಷ್ಟೇ ನನಗೆ ಉಳಿದಿರುವುದು.

ನಿನಗೆ ದೀರ್ಘ ಆಯುಸ್ಸಿರಲಿ ಮಗು. ನಿಧಾನವಾಗಿ ಬಾ.

ಇಂತಿ, ನಿನ್ನ ಅಪ್ಪ.

ಎರಡನೇ ಇಂಜೆಕ್ಷನ್ ನಾಳೆ ಬೆಳಿಗ್ಗೆ ಹತ್ತೂವರೆಗೆ. ಅಲ್ಲಿಯವರೆಗಾದರೂ ಒಳಗೇ ಇರು.